ನೀಸ್ ಫ್ಲೋರ್ ಮಿಲ್

ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕರಿಸಿದ್ದಪ್ಪನಿಗೆ ಇಂಗ್ಲೀಷಿನಲ್ಲಿ ಒಂದೇ ಒಂದು ಪದ ಚೆನ್ನಾಗಿ ಗೊತ್ತಿತ್ತು. ನೈಸ್. ಅದನ್ನು ಅವನಿಗೆ ಶಾಲೆ ಕಲಿಸಿರಲಿಲ್ಲ, ಗಿರಣಿ ಕಲಿಸಿತ್ತು. ಜೋಳದ ಡಬ್ಬಿ ತಂದಿಡುವ ಹೆಂಗಸರು ನೈಸಾಗಿ ಬೀಸಿ ಕೊಡಿ, ಹೋದ ಸಲ ರವೆ ರವೆ ಬಂದಿತ್ತು ಎನ್ನುತ್ತಿದ್ದರು. ಇವನು ಬಿಸಿ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ, "ನೈಸ್" ಎಂದು ತೀರ್ಪು ಕೊಡುತ್ತಿದ್ದ. ವರ್ಷಗಳು ಕಳೆದಂತೆ ಆ ಪದ ಗಿರಣಿಯ ಹೊಸ್ತಿಲು ದಾಟಿ ಊರೊಳಗೆ ಇಳಿಯಿತು. ಮಿರ್ಚಿ ನೈಸ್, ಗಾಳಿ ನೈಸ್, ಬಸ್ಸಿನಲ್ಲಿ ಸಿಕ್ಕ ಸೀಟು ನೈಸ್. ಎದುರು ಮನೆಯ ಹಿರಿಯರು ತೀರಿಕೊಂಡಾಗ ದರ್ಶನಕ್ಕೆ ಹೋದವನು ಮುಖದ ಕಳೆ ನೈಸ್ ಆಗಿದೆ ಎಂದು ಹೇಳಿ ಬಂದಿದ್ದ. ಮನೆಯವರಿಗೂ ಸಮಾಧಾನವಾಗಿತ್ತು.

ಈ ಬೇಸಿಗೆಯಲ್ಲಿ ಗಿರಣಿಗೆ ಹೊಸ ಮಷಿನ್ ಬಂತು. ಮಷಿನ್ ಹೊಸದಾದ ಮೇಲೆ ಬೋರ್ಡೂ ಹೊಸದಾಗಬೇಕು, ಅದರಲ್ಲಿ ಇಂಗ್ಲೀಷ್ ಇರಬೇಕು ಎಂದು ಕರಿಸಿದ್ದಪ್ಪ ನಿರ್ಧರಿಸಿದ. ಯಾವ ಹೆಸರು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ಚಹಾ ಕುಡಿಯುತ್ತಾ ‘ನೈಸ್ ಫ್ಲೋರ್ ಮಿಲ್’ ಎಂಬ ಹೆಸರನ್ನು ಘೋಷಿಸಿದ.

ಬೇಕರಿಯ ಅಂಜಿನೇಯಲು ಒಂದು ಬಿಸ್ಕೀಟಿನ ಪ್ಯಾಕೆಟ್ ತೆಗೆದು ಅದರ ಮೇಲೆ ಅಚ್ಚಾದ ಅದೇ ಪದಕ್ಕೆ ಬೆರಳು ಮಾಡಿದ. ಇದನ್ನು ನೈಸ್ ಎನ್ನುವುದು ಹಳ್ಳಿಯವರ ರೂಢಿ, ತಿಳಿದವರು ನೀಸ್ ಎನ್ನುತ್ತಾರೆ, ಫ್ರಾನ್ಸ್ ದೇಶದಲ್ಲಿ ಆ ಹೆಸರಿನ ಊರೇ ಇದೆ ಎಂದು ವಿವರಿಸಿದ. ಅಂಜಿನೇಯಲು ಒಮ್ಮೆ ಎರಡು ದಿನ ಪಾಂಡಿಚೇರಿಗೆ ಹೋಗಿ ಬಂದವನು. ಫ್ರೆಂಚ್ ವಿಷಯದಲ್ಲಿ ಅವನ ಮಾತನ್ನು ಪ್ರಶ್ನಿಸುವವರು ಕೊಟ್ಟೂರಿನಲ್ಲಿ ಇರಲಿಲ್ಲ.

ಇಪ್ಪತ್ತು ವರ್ಷ ತಪ್ಪು ಉಚ್ಚರಿಸಿದ ನಾಚಿಕೆ ಕರಿಸಿದ್ದಪ್ಪನನ್ನು ಮನೆಯವರೆಗೂ ಕಾಡಿತು. ಆ ಸಂಜೆಯಿಂದಲೇ ನೀಸ್ ಎನ್ನತೊಡಗಿದ. ಹೆಂಡತಿ ಕೊಟ್ರಮ್ಮ ಗಂಡನಿಗೆ ನೆಗಡಿಯಾಗಿದೆ ಎಂದುಕೊಂಡು ಶುಂಠಿ ಕಷಾಯ ಕುಡಿಸಿದಳು. ಅದೂ ನೀಸ್ ಆಗಿತ್ತು.

ಬೋರ್ಡು ಮಾಡಿಸಲು ಅವನು ಹಗರಿಬೊಮ್ಮನಹಳ್ಳಿಗೆ ಹೋದ. ಅಲ್ಲಿ ಸ್ಟೀಲಿನ ಅಕ್ಷರ ಕತ್ತರಿಸಿ ಕೊಡುವ ಹುಲುಗೇಶ ಹೆಸರು ಕೇಳಿಕೊಂಡು, ಪೆನ್ನು ಹಿಡಿದು, ಸ್ಪೆಲ್ಲಿಂಗ್ ಹೇಳಿ ಎಂದ. ಕರಿಸಿದ್ದಪ್ಪನಿಗೆ ಗೊತ್ತಿರಲಿಲ್ಲ. ಇಷ್ಟು ಸಣ್ಣ ಪದಕ್ಕೂ ಸ್ಪೆಲ್ಲಿಂಗ್ ಕೇಳುತ್ತೀಯಲ್ಲ, ನಿನಗೆ ಬರುವುದಿಲ್ಲವೇ ಎಂದು ತಿರುಗಿಸಿದ. ಹುಲುಗೇಶನಿಗೂ ಗೊತ್ತಿರಲಿಲ್ಲ. ಬರುತ್ತದೆ, ಆದರೆ ಗಿರಾಕಿಯ ಬಾಯಿಂದಲೇ ಬರೆಸುವುದು ನಮ್ಮ ಅಂಗಡಿಯ ಪದ್ಧತಿ ಎಂದು ಹೇಳಿ ಫೋನನ್ನು ಮುಂದೆ ಚಾಚಿದ. ಅದು ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಫೋನು. ಕರಿಸಿದ್ದಪ್ಪ ಗಂಟಲು ಸರಿಮಾಡಿಕೊಂಡು, ಬೇಕರಿಯಲ್ಲಿ ಕಲಿತಂತೆ, ‘ಈ’ಕಾರವನ್ನು ಉದ್ದಕ್ಕೆ ಎಳೆದು ಹೇಳಿದ. ಫೋನು ಬರೆಯಿತು. ಹುಲುಗೇಶ ಓದಿದ.

"ಎನ್, ಐ, ಇ, ಸಿ, ಇ. ಸರಿ ಐತೇನ್ರಿ?"

"ಎರಡು ಇ ಬಂದಾವಲ್ಲ?"

"ಬಂದಾವ್ರಿ. ಎರಡಿದ್ರ ಬೋರ್ಡು ತುಂಬಿದಂಗ ಕಾಣ್ತೈತಿ."

ಇಬ್ಬರಿಗೂ ಅದು ಒಪ್ಪಿಗೆಯಾಯಿತು.

ಸೋಮವಾರ ಬೋರ್ಡು ಏರಿತು. ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಹಿಟ್ಟಿನ ಗಿರಣಿ’, ಕೆಳಗೆ ಸ್ಟೀಲಿನ ಇಂಗ್ಲೀಷ್. ಕಾಯಿ ಒಡೆದು ಮಂಡಕ್ಕಿ ಹಂಚಿದರು. ಇಂಗ್ಲೀಷಿನ ವಿಷಯದಲ್ಲಿ ನಮ್ಮ ಜನ ಬಹಳ ಮರ್ಯಾದಸ್ಥರು. ಓದಲು ಬಾರದವರು ಹೊಳಪನ್ನು ಹೊಗಳಿದರು. ಓದಲು ಬರುವವರು, ತಪ್ಪು ತಮ್ಮದೇ ಇರಬಹುದು ಎಂದು ಸುಮ್ಮನಿದ್ದರು. ಎರಡು ದಿನ ಬೋರ್ಡು ಹೀಗೆ ನೆಮ್ಮದಿಯಿಂದ ಹೊಳೆಯಿತು.

ಬುಧವಾರ ಓಬಳೇಶ ಸರ್ ಗೋಧಿ ಬೀಸಿಸಲು ಬಂದರು. ಇಂಗ್ಲೀಷ್ ಉಪನ್ಯಾಸಕರಾಗಿ ನಿವೃತ್ತರಾದವರು. ಪದ ಸಿಕ್ಕರೆ ಅದರ ಬೇರು ಕೀಳದೆ ಬಿಡುವವರಲ್ಲ. ಸ್ಕೂಟರ್ ನಿಲ್ಲಿಸಿ ಬೋರ್ಡನ್ನು ಎರಡು ಸಲ ಓದಿದರು. ಆಮೇಲೆ ಒಳಗೆ ಬಂದು, ಹಿಟ್ಟು ಮೆತ್ತಿದ ಕರಿಸಿದ್ದಪ್ಪನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಕರಿಸಿದ್ದಪ್ಪ, ನಿಮ್ಮನ್ನ ನಾನು ಬ್ಯಾರೆ ತಿಳಕೊಂಡಿದ್ದೆ. ತಪ್ಪಾತು."

"ಯಾಕ್ರಿ ಸರ್?"

"ಅಣ್ಣನ ಮಗಳ ಹೆಸರಿಗೆ ಗಿರಣಿ ಮಾಡೀರಲ್ಲ. ಈ ಕಾಲದಾಗ ಯಾರು ಮಾಡ್ತಾರ?"

ಬೋರ್ಡಿನಲ್ಲಿರುವ ನೀಸ್ ಎಂದರೆ ಅಣ್ಣನ ಮಗಳು ಎಂದು ಅವರು ಅಲ್ಲಿದ್ದ ಹೆಂಗಸರಿಗೂ ಕೇಳುವಂತೆ ಬಿಡಿಸಿ ಹೇಳಿದರು. ಮಷಿನ್ ಓಡುತ್ತಿತ್ತು, ಆದ್ದರಿಂದ ಸ್ವಲ್ಪ ಜೋರಾಗಿಯೇ ಹೇಳಿದರು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಈ ಗಿರಣಿಯನ್ನು ಕಟ್ಟಿದವನು ಕರಿಸಿದ್ದಪ್ಪನ ಅಣ್ಣ ಗುರುಬಸಪ್ಪ. ಅವನು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅವನ ಹೆಂಡತಿ ಒಬ್ಬಳೇ ಮಗಳು ಗಂಗಾಂಬಿಕಾಳನ್ನು ಕರೆದುಕೊಂಡು ಹೂವಿನಹಡಗಲಿಯ ತವರಿಗೆ ಹೋದಳು. ಹುಡುಗಿ ಓದಿದಳು, ಅಲ್ಲಿನ ಶಾಲೆಯಲ್ಲಿ ನೌಕರಿ ಹಿಡಿದಳು. ಗಿರಣಿ ಇಲ್ಲಿ ತಿರುಗುತ್ತಲೇ ಇತ್ತು. ಪಾಲಿನ ಮಾತನ್ನು ಅವರು ಎತ್ತಲಿಲ್ಲ. ಕೇಳಿದರೆ ನೋಡೋಣ ಎಂದು ಇವನು ಕಾದ. ಕರಿಸಿದ್ದಪ್ಪ ಕೆಟ್ಟವನಲ್ಲ. ಯಾರೂ ಏನೂ ಕೇಳದಿದ್ದರೆ ನಮ್ಮಲ್ಲಿ ಎಷ್ಟೋ ಜನ ಒಳ್ಳೆಯವರಾಗಿಯೇ ಉಳಿಯುತ್ತಾರೆ.

ಈಗ ಅವನ ಮುಂದೆ ಎರಡು ದಾರಿಗಳಿದ್ದವು. ಸ್ಪೆಲ್ಲಿಂಗ್ ಗೊತ್ತಿರಲಿಲ್ಲ ಎಂದು ಆರು ಜನ ಹೆಂಗಸರ ಎದುರು ಒಪ್ಪಿಕೊಳ್ಳುವುದು, ಇಲ್ಲವೇ ಧರ್ಮಾತ್ಮನಾಗುವುದು. ಎರಡನೆಯದು ಸುಲಭವಾಗಿ ಕಂಡಿತು.

"ಹೂಂ ಸರ್," ಎಂದ. "ಮಾಡಬೇಕನ್ನಿಸ್ತು."

ಅಂದು ಸಂಜೆಯೊಳಗೆ ಬೋರ್ಡಿನ ಫೋಟೊ ಊರಿನ ಎಲ್ಲ ಫೋನುಗಳನ್ನೂ ಹೊಕ್ಕು ಹೊರಬಂತು. ದಾರಿಯಲ್ಲಿ ಸಿಕ್ಕವರು ಕರಿಸಿದ್ದಪ್ಪನಿಗೆ ಕೈಮುಗಿದರು. ಅಂಜಿನೇಯಲು ಚಹಾಕ್ಕೆ ಎರಡು ಬಿಸ್ಕೀಟು ಸೇರಿಸಿ ಕೊಟ್ಟ. ಧರ್ಮಾತ್ಮನಾಗಿರುವುದು ಇಷ್ಟು ಹಿತವಾಗಿರುತ್ತದೆ ಎಂದು ಕರಿಸಿದ್ದಪ್ಪನಿಗೆ ಮೊದಲು ಗೊತ್ತಿರಲಿಲ್ಲ. ಆ ಹಿತ ಮನೆಯ ಬಾಗಿಲಿನವರೆಗೆ ಮಾತ್ರ ಇತ್ತು.

ಕೊಟ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೊಡುವ ಮುಂಚೆ ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದಳು. ಅವನು ನಿಜ ಹೇಳಿಬಿಟ್ಟ. ಕೊಡಲಿಲ್ಲ, ಬರೆಯುವಾಗ ತಪ್ಪಾಗಿದೆ ಎಂದ. ಅವಳು ನಂಬಲಿಲ್ಲ. ಗಂಡ ತನ್ನಿಂದ ಮುಚ್ಚಿಟ್ಟು ದಾನ ಮಾಡಿ ಈಗ ದಡ್ಡನ ವೇಷ ಹಾಕುತ್ತಿದ್ದಾನೆ ಎಂದುಕೊಂಡು, ಹಂಪಸಾಗರದಲ್ಲಿದ್ದ ತಮ್ಮ ಪ್ರವೀಣಕುಮಾರನಿಗೆ ಫೋನ್ ಹಚ್ಚಿದಳು.

ಪ್ರವೀಣಕುಮಾರ್ ಡಿಗ್ರಿ ಓದಿದವನು. ಗುರುವಾರ ಬೆಳಿಗ್ಗೆ ಮಗಳು ರೇಖಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಬಂದ. ನೀಸ್ ಎಂದರೆ ಅಣ್ಣನ ಮಗಳೊಬ್ಬಳೇ ಅಲ್ಲ, ಹೆಂಡತಿಯ ತಮ್ಮನ ಮಗಳೂ ನೀಸ್, ಆದ್ದರಿಂದ ಬೋರ್ಡಿನಲ್ಲಿರುವುದು ರೇಖಾ ಎಂದು ವಾದಿಸಿದ. ಅಷ್ಟರಲ್ಲಿ ಚಿಗಟೇರಿಯಿಂದ ಕರಿಸಿದ್ದಪ್ಪನ ಅಕ್ಕ ಭರಮಮ್ಮ ಬಂದಿಳಿದಳು. ಅವಳಿಗೆ ಓದು ಬರಹ ಬಾರದು, ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರನ್ನೆಲ್ಲ ವಿಚಾರಿಸಿಕೊಂಡು ಬಂದಿದ್ದಳು.

"ಲೇ ಸಿದ್ದ, ಅಕ್ಕನ ಮಗಳಿಗೂ ಅದ ಹೆಸರಂತಲ್ಲೋ," ಎಂದಳು. "ನನ್ನ ಮಗಳು ನಿನಗೆ ನೆಪ್ಪಿದ್ದಳಲ್ಲ, ಸಾಕು ಬಿಡು."

ನ್ಯಾಯ ಹೇಳಲು ಓಬಳೇಶ ಸರ್ ಅವರನ್ನೇ ಕರೆಸಬೇಕಾಯಿತು. ಅವರು ದಪ್ಪ ನಿಘಂಟನ್ನು ತಂದು ಗೋಧಿ ಚೀಲದ ಮೇಲೆ ಬಿಚ್ಚಿಟ್ಟರು. ಇಬ್ಬರ ವಾದವನ್ನೂ ಶಾಂತವಾಗಿ ಕೇಳಿದರು. ಕನ್ನಡದಲ್ಲಿ ಅಣ್ಣನ ಮಗಳು ಮಗಳಂತೆ, ಅಕ್ಕನ ಮಗಳು ಸೊಸೆಯಂತೆ, ಹೆಂಡತಿಯ ತಮ್ಮನ ಮಗಳು ಇನ್ನೊಂದು ಲೆಕ್ಕ. ಇಂಗ್ಲೀಷಿನವರಿಗೆ ಅಷ್ಟು ವ್ಯವಧಾನವಿಲ್ಲ, ಎಲ್ಲರನ್ನೂ ಒಂದೇ ಪದಕ್ಕೆ ತುಂಬಿದ್ದಾರೆ, ಹಾಗಾಗಿ ಮೂವರು ಹುಡುಗಿಯರೂ ನೀಸ್ ಎಂಬುದು ಸರಿ ಎಂದರು. ವಾದಿಸಿದ ಇಬ್ಬರೂ ಗೆದ್ದಿದ್ದರಿಂದ ಗಲಾಟೆ ದುಪ್ಪಟ್ಟಾಯಿತು. ಓಬಳೇಶ ಸರ್ ಪುಟ ತಿರುವಿ ಮುಂದುವರಿದರು.

"ಇದರ ಮೂಲಕ್ಕ ಹೋದ್ರ, ಲ್ಯಾಟಿನ್‌ನಾಗ ಮೊಮ್ಮಗಳು ಅಂತನೂ..."

ಕರಿಸಿದ್ದಪ್ಪ ನಿಘಂಟನ್ನು ಮುಚ್ಚಿಬಿಟ್ಟ.

"ಸರ್, ನಿಮ್ಮ ಕಾಲಿಗೆ ಬೀಳ್ತೀನಿ. ಮೂಲಕ್ಕ ಹೋಗಬ್ಯಾಡ್ರಿ."

ಶುಕ್ರವಾರ ಸರ್ಕಾರವೂ ಬಂತು. ಲೈಸೆನ್ಸ್ ಕಚೇರಿಯ ಮಾರೇಶ್ ಫೋಟೊವನ್ನು ತನ್ನ ಫೋನಿನಲ್ಲೇ ನೋಡಿದ್ದ. ಫೈಲು ಹಿಡಿದು ಬಂದವನು, ನಿಮ್ಮ ಲೈಸೆನ್ಸ್ ಗುರುಬಸಪ್ಪ ಎಂಬುವರ ಹೆಸರಿನಲ್ಲಿದೆ, ಬೋರ್ಡು ಬೇರೆಯವರ ಹೆಸರಿನಲ್ಲಿದೆ, ಇದು ನಡೆಯುವುದಿಲ್ಲ ಎಂದ. ಗುರುಬಸಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತಲ್ಲ ಎಂದು ಕರಿಸಿದ್ದಪ್ಪ ಹೇಳಿದ. ಅದು ಕಚೇರಿಗೆ ಗೊತ್ತಿಲ್ಲ, ಪ್ರತಿವರ್ಷ ಅವರ ಹೆಸರಿಗೇ ನವೀಕರಣವಾಗಿದೆ ಎಂದು ಮಾರೇಶ್ ಫೈಲು ತೋರಿಸಿದ. ಸತ್ತವನಿಂದ ಕಚೇರಿಗೆ ಹದಿನಾಲ್ಕು ವರ್ಷ ಏನೂ ತೊಂದರೆಯಾಗಿರಲಿಲ್ಲ. ಬೋರ್ಡಿನಿಂದ ಆಯಿತು.

"ಬೋರ್ಡಿನ ಮ್ಯಾಲ ಯಾರು ಅದಾರ, ಅವರು ಸೋಮವಾರ ಬಂದು ಸಹಿ ಮಾಡ್ಲಿ," ಎಂದ ಮಾರೇಶ್. "ಇಲ್ಲಾಂದ್ರ ಗಿರಣಿಗೆ ಬೀಗ ಬೀಳ್ತೈತ್ರಿ."

ಆ ಸಂಜೆ ಕರಿಸಿದ್ದಪ್ಪ ಓಬಳೇಶ ಸರ್ ಮನೆಗೆ ಒಬ್ಬನೇ ಹೋದ. ನಮ್ಮ ಬೀಗರೊಬ್ಬರು ಬೋರ್ಡು ಬರೆಸುವವರಿದ್ದಾರೆ, ಚೆನ್ನಾಗಿದೆ ಅನ್ನೋ ಅರ್ಥದ ನೈಸ್ ಹೇಗೆ ಬರೆಯಬೇಕು ಎಂದು ಕೇಳಿದ. ಸರ್ ಒಂದು ಚೀಟಿಯ ಮೇಲೆ ಬರೆದು ಕೊಟ್ಟರು. ಎನ್, ಐ, ಸಿ, ಇ. ಚೀಟಿಯನ್ನು ಬೋರ್ಡಿನ ಕೆಳಗೆ ತಂದು ಹಿಡಿದು ನೋಡಿದ. ತನ್ನ ಸಂಕಟವೆಲ್ಲ ಒಂದೇ ಒಂದು ಅಕ್ಷರದಲ್ಲಿತ್ತು. ನಡುವಿನ ಇ ಒಂದನ್ನು ಕಿತ್ತರೆ ನೆಂಟರು ಹೋಗುತ್ತಾರೆ, ಸರ್ಕಾರ ಹೋಗುತ್ತದೆ, ಗಿರಣಿ ಉಳಿಯುತ್ತದೆ.

ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿಯಲ್ಲಿ ಗಿರಾಕಿಗಳಿರಲಿಲ್ಲ. ಕರಿಸಿದ್ದಪ್ಪ ಏಣಿ ಇಟ್ಟು, ಸ್ಕ್ರೂಡ್ರೈವರ್ ಹಿಡಿದು ಹತ್ತಿದ. ಹುಲುಗೇಶ ಸ್ಪೆಲ್ಲಿಂಗಿನಲ್ಲಿ ಹೇಗೋ ಇರಲಿ, ಸ್ಕ್ರೂ ಮಾತ್ರ ಗಟ್ಟಿಯಾಗಿ ಬಿಗಿದಿದ್ದ. ಕಾದ ಸ್ಟೀಲು ಕೈ ಸುಟ್ಟಿತು. ಕೊನೆಗೆ ಅಕ್ಷರ ಕಳಚಿ ಬಂತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ಇಳಿಯಲು ಕಾಲು ಕೆಳಗಿಟ್ಟಾಗ, ಏಣಿಯ ಬುಡದಲ್ಲಿ ಒಂದು ಆಟೋ ನಿಂತಿತು. ಅದರಿಂದ ಗಂಗಾಂಬಿಕಾ ಇಳಿದಳು. ಅರ್ಧ ದಿನದ ಶಾಲೆ ಮುಗಿಸಿ ಹಡಗಲಿಯಿಂದ ನೇರವಾಗಿ ಬಂದಿದ್ದಳು. ಕೈಯಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಇತ್ತು.

"ಚಿಕ್ಕಪ್ಪ, ಬಿಸಿಲಾಗ ಏನ ಮಾಡಕತ್ತೀರಿ?"

"ಧೂಳು ಕುಂತಿತ್ತವ್ವ," ಎಂದ ಕರಿಸಿದ್ದಪ್ಪ. "ಒಂದೊಂದ ಅಕ್ಷರ ಬಿಚ್ಚಿ ಒರಸಾಕತ್ತೀನಿ."

ಹೇಳಿದ ಮಾತಿಗೆ ತಕ್ಕಂತೆ ಏಣಿಯ ಮೇಲೇ ನಿಂತು ಹೆಗಲ ಟವೆಲಿನಿಂದ ಇ ಅಕ್ಷರವನ್ನು ಒರೆಸಿದ. ಒರೆಸಿದಷ್ಟು ಹೊತ್ತೂ ಗಂಗಾಂಬಿಕಾ ಕೆಳಗೆ ನಿಂತು ಏಣಿ ಹಿಡಿದುಕೊಂಡಳು. ಧರ್ಮಾತ್ಮನ ಅಣ್ಣನ ಮಗಳು ಬಂದಳೆಂಬ ಸುದ್ದಿಗೆ ಜನ ಕೂಡಿದರು. ಪ್ರವೀಣಕುಮಾರ್ ಬಂದ, ಭರಮಮ್ಮ ಬಂದಳು. ನಿಘಂಟು ಇಲ್ಲದೆ ಓಬಳೇಶ ಸರ್ ಕೂಡ ಬಂದರು. ಬೋರ್ಡಿನ ನಡುವಿನ ಖಾಲಿ ಜಾಗವನ್ನು ನೋಡಿದ್ದೇ ಅವರ ಮುಖ ಅರಳಿತು.

ಈಗ ಇದು ಬೇರೆಯೇ ಪದವಾಯಿತು, ಇದರ ಕಥೆ ಇನ್ನೂ ಸ್ವಾರಸ್ಯ ಎಂದರು. ಕರಿಸಿದ್ದಪ್ಪ ಮೇಲಿನಿಂದಲೇ ಕೈ ಅಡ್ಡ ಆಡಿಸಿದ, ಆದರೆ ಈ ಸಲ ಮುಚ್ಚಲು ಪುಸ್ತಕವಿರಲಿಲ್ಲ. ನೈಸ್ ಎಂಬುದು ಮೂಲದಲ್ಲಿ ಲ್ಯಾಟಿನ್ನಿನ ನೆಸ್ಕಿಯಸ್, ಅಂದರೆ ಏನೂ ಗೊತ್ತಿಲ್ಲದವನು ಎಂದು ಸರ್ ಹೇಳಿದರು. ಅದು ಫ್ರೆಂಚಿಗೆ ಹೋಗಿ ಪೆದ್ದ ಎಂದಾಯಿತು. ಇಂಗ್ಲೀಷಿಗೆ ಬಂದಾಗಲೂ ಮೂರ್ಖ ಎಂದೇ ಅರ್ಥ. ಆಮೇಲೆ ಎಲ್ಲದಕ್ಕೂ ಕೊಸರಾಡುವವನು ಎಂದಾಯಿತು, ಆಮೇಲೆ ನಾಜೂಕು ಎಂದಾಯಿತು, ಕೊನೆಗೆ ಹೇಗೋ ಚೆನ್ನಾಗಿದೆ ಎಂದಾಯಿತು. ಮೂರ್ಖ ಎಂಬ ಪದ ಒಳ್ಳೆಯದಾಗಲು ಸುಮಾರು ಐನೂರು ವರ್ಷ ಹಿಡಿಯಿತು ಎಂದು ಅವರು ಮುಗಿಸಿದರು.

ಜೋಳದ ಡಬ್ಬಿಯ ಮೇಲೆ ಕುಳಿತಿದ್ದ ಹಂಪಮ್ಮ ಎಂಬ ಮುದುಕಿ ಎಲ್ಲವನ್ನೂ ಗಮನವಿಟ್ಟು ಕೇಳಿ, ಬೋರ್ಡನ್ನೂ ಏಣಿಯ ಮೇಲಿದ್ದವನನ್ನೂ ನೋಡಿದಳು.

"ಈ ಬೋರ್ಡಿಂದು ಯಾವ ವರ್ಷದ ಅರ್ಥರಿ ಸರ್? ಮೊದಲಿಂದೋ, ಕಡೀದೋ?"

ಯಾರೋ ನಕ್ಕರು. ನಗು ಹರಡಿತು. ಕರಿಸಿದ್ದಪ್ಪ ಇಳಿದು, ಅಕ್ಷರವನ್ನು ಹಿಡಿದುಕೊಂಡೇ ಗಿರಣಿಯೊಳಗೆ ಹೋಗಿ ಮಷಿನಿನ ಹಿಂದೆ ಕುಳಿತ. ಗಂಗಾಂಬಿಕಾ ಹಿಂದೆಯೇ ಹೋದಳು. ಕತ್ತಲಲ್ಲಿ, ಹಿಟ್ಟಿನ ವಾಸನೆಯ ನಡುವೆ, ಅವಳೂ ಒಂದು ಚೀಲದ ಮೇಲೆ ಕುಳಿತಳು.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಬಿಸ್ಕೀಟು, ಫೋನು, ಎರಡು ಇ. ಗಿರಣಿ ಕೊಡುವ ಯೋಚನೆಯೇ ತನಗೆ ಬಂದಿರಲಿಲ್ಲ ಎಂಬುದನ್ನೂ, ತಲೆ ತಗ್ಗಿಸಿಕೊಂಡು, ಹೇಳಿದ.

"ನನಗ ಗೊತ್ತಿತ್ತು ಚಿಕ್ಕಪ್ಪ," ಎಂದಳು ಗಂಗಾಂಬಿಕಾ. "ನಾನು ಶಾಲ್ಯಾಗ ಇಂಗ್ಲೀಷ ಹೇಳಿಕೊಡದು. ಹುಡುಗರು ದಿನಾ ಇದ ತಪ್ಪು ಬರೀತಾರ. ಫೋಟೊ ನೋಡಿದ ಕೂಡಲೇ ಗೊತ್ತಾತು."

"ಗೊತ್ತಿದ್ದು ಯಾಕ ಬಂದಿ?"

ಅವಳು ಎದ್ದಳು. ಗೋಡೆಯಲ್ಲಿ ಹಿಟ್ಟು ಮುಸುಕಿದ್ದ ಒಂದು ಫೋಟೊವನ್ನು ಸೆರಗಿನಿಂದ ಒರೆಸಿದಳು. ಅದು ಅವಳ ಅಪ್ಪನದು.

"ಹದಿನಾಲ್ಕು ವರ್ಷದಾಗ ನಮ್ಮಪ್ಪನ ಗಿರಣಿ ಮ್ಯಾಲ ನಮ್ಮ ಸುದ್ದಿ ಎಲ್ಲೂ ಇರಲಿಲ್ಲ. ತಪ್ಪಾಗಿ ಬರದಿದ್ರೂ ಒಮ್ಮೆ ನೋಡಬೇಕನ್ನಿಸ್ತು. ಬೋರ್ಡಿನ ಫೋಟೊ ನಮ್ಮವ್ವಗೂ ತೋರ್ಸೀನಿ. ಆಕಿಗೆ ತಪ್ಪು ಅಂತ ಹೇಳಿಲ್ಲ."

ಹೊರಗೆ ಪ್ರವೀಣಕುಮಾರ್ ಜೋರಾಗಿ ವಾದಿಸುತ್ತಿದ್ದ. ಅಕ್ಷರ ಹೋಯಿತು, ಹಾಗಾದರೆ ಯಾರಿಗೂ ಪಾಲಿಲ್ಲ, ಎಲ್ಲರೂ ಮನೆಗೆ ಹೋಗಬಹುದು ಎನ್ನುತ್ತಿದ್ದ. ಹಾಗೆ ಹೋದರೆ ಎಲ್ಲವೂ ಕರಿಸಿದ್ದಪ್ಪ ಬಯಸಿದಂತೆಯೇ ಮುಗಿಯುತ್ತಿತ್ತು. ಅವನು ತೊಡೆಯ ಮೇಲಿದ್ದ ಸ್ಟೀಲಿನ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದ. ಅತ್ತಿಗೆ ಬೋರ್ಡಿನ ಆ ಫೋಟೊವನ್ನು ಎಷ್ಟು ಹೊತ್ತು ನೋಡಿರಬಹುದು ಎಂದು ಅವನಿಗೆ ಯೋಚನೆ ಬಂತು. ಒಮ್ಮೆ ಬಂದ ಮೇಲೆ ಅದು ಹೋಗಲಿಲ್ಲ. ಎದ್ದು ಹೊರಗೆ ಬಂದು ಮತ್ತೆ ಏಣಿ ಹತ್ತಿದ.

"ಗಂಗಾ, ಇದರಾಗ ಮ್ಯಾಲಿಂದು ಯಾವ ಕಡಿ, ಕೆಳಗಿಂದು ಯಾವ ಕಡಿ?"

"ಹೆಂಗ ಹಾಕಿದ್ರೂ ಅದ ಆಗತೈತಿ ಚಿಕ್ಕಪ್ಪ. ಬಾಯಿ ಮಾತ್ರ ಬಲಕ್ಕ ಇರ್ಲಿ."

ಅವನು ಮೂರು ಸ್ಕ್ರೂಗಳನ್ನೂ ಹುಲುಗೇಶನಿಗಿಂತ ಗಟ್ಟಿಯಾಗಿ ಬಿಗಿದ. ಪ್ರವೀಣಕುಮಾರ್ ಬೈಕ್ ಒದ್ದು ಹೊರಟುಹೋದ. ಭರಮಮ್ಮ ಮಾತ್ರ, ಗುರುಬಸಪ್ಪನ ಮಗಳಿಗೆ ಹೋಗುವುದಾದರೆ ತನ್ನ ತಕರಾರಿಲ್ಲ, ತಾನು ಬಂದದ್ದು ಅದು ಹೆಂಡತಿ ಕಡೆಯವರಿಗೆ ಹೋಗದಿರಲಿ ಎಂದಷ್ಟೇ ಎಂದು ಕೂಡಿದವರಿಗೆಲ್ಲ ತಿಳಿಸಿದಳು. ಮುಂದಿನ ಬಸ್ಸಿಗೆ ಚಿಗಟೇರಿ ಸೇರಿದಳು.

ಸೋಮವಾರ ಗಂಗಾಂಬಿಕಾ ರಜೆ ಹಾಕಿ ಬಂದಳು. ಚಿಕ್ಕಪ್ಪ, ಮಗಳು ಇಬ್ಬರೂ ಕಚೇರಿಗೆ ಹೋಗಿ ಗಿರಣಿಯನ್ನು ಅರ್ಧರ್ಧ ಪಾಲುದಾರಿಕೆಗೆ ಬರೆದುಕೊಟ್ಟರು. ಫಾರಂನಲ್ಲಿ ಸಂಬಂಧ ಎಂಬ ಜಾಗದಲ್ಲಿ ಕರಿಸಿದ್ದಪ್ಪ ತಾನೇ ಪೆನ್ನು ತೆಗೆದುಕೊಂಡು, ದಪ್ಪ ಕನ್ನಡದಲ್ಲಿ, ಅಣ್ಣನ ಮಗಳು ಎಂದು ಬರೆದ. ಕಂಪ್ಯೂಟರಿಗೆ ಇಂಗ್ಲೀಷ್ ಬೇಕು ಎಂದು ಮಾರೇಶ್ ಆಕ್ಷೇಪಿಸಿದ.

"ಬ್ಯಾಡ್ರಿ ಸಾಹೇಬ್ರ," ಎಂದ ಕರಿಸಿದ್ದಪ್ಪ. "ಇಂಗ್ಲೀಷಿನಾಗ ಬರದ್ರ ಇನ್ನೂ ಮೂರು ಮಂದಿ ಬಂದು ಸಹಿ ಮಾಡ್ತಾರ."

ಮಾರೇಶ್ ಸೀಲು ಒತ್ತಿದ.

ಕಚೇರಿಯಿಂದ ಹೊರಬರುವಾಗ ಹಡಗಲಿ ಬಸ್ಸು ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿಗೆ ಒಂದೂವರೆ ತಾಸಿತ್ತು. ಕೊಟ್ರಮ್ಮ ಐದು ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದಳು. ಗಂಗಾಂಬಿಕಾಳನ್ನು ಮನೆಗೆ ಕರೆದೊಯ್ಯಬೇಕೋ ಬೇಡವೋ ಎಂದು ಅವನು ಬೀದಿಯಲ್ಲಿ ಎರಡು ಸಲ ನಿಂತು ಯೋಚಿಸಿದ. ಕೊನೆಗೆ ಕರೆದೊಯ್ದ. ಕೊಟ್ರಮ್ಮ ಇಬ್ಬರನ್ನೂ ನೋಡಿ ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಾದುದಕ್ಕಿಂತ ಹೆಚ್ಚಾಗಿಯೇ ಕೇಳಿತು. ಆಮೇಲೆ ಎರಡು ತಾಟು ತಂದು ಮುಂದಿಟ್ಟಳು. ಗಂಗಾಂಬಿಕಾಳ ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಇತ್ತು. ಕರಿಸಿದ್ದಪ್ಪನ ತಾಟಿನಲ್ಲಿ ನಿನ್ನೆಯ ರೊಟ್ಟಿ ಇತ್ತು.

"ಉಣ್ಣು," ಎಂದಳು ಕೊಟ್ರಮ್ಮ, ಗಂಗಾಂಬಿಕಾಳ ಮುಖ ನೋಡದೆ. "ಪಾಲು ತಗಂಡಾಕಿ ಹಸದು ಹೋದಳು ಅಂದ್ರ ಊರಾಗ ಅದೊಂದು ಸುದ್ದಿ ಆಗತೈತಿ."

ಮತ್ತೆ ಒಳಗೆ ಹೋಗಿ, ಇನ್ನೊಂದು ಬಿಸಿ ರೊಟ್ಟಿ ತಂದು, ಅದನ್ನೂ ಅವಳ ತಾಟಿಗೇ ಹಾಕಿದಳು.